ಎಳೆಯ ಕುದುರೆಮರಿಗೆ ನಂಜೇರಿದೆಯೇ? ಮೊದಲ ವಾರದಲ್ಲಿ ನೋಡಬೇಕಾದ್ದು

ಈದು ಒಂದು ದಿನವಾದ ಕುದುರೆಯ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿದೆಯೇ? ಮರಿಯ ಹಣೆಯ ಮೇಲೆ ಹಾಲು ಒಣಗಿ ಅಂಟಿದೆಯೇ? ಹಾಗಿದ್ದರೆ ಥರ್ಮಾಮೀಟರ್ ಹುಡುಕುವ ಮೊದಲೇ ಪಶುವೈದ್ಯರಿಗೆ ಫೋನ್ ಮಾಡಿ. ಮರಿ ಕೆಚ್ಚಲ ಬಳಿ ಹೋಗಿ ನಿಲ್ಲುತ್ತಿದೆ, ಕುಡಿಯುತ್ತಿಲ್ಲ ಎಂದು ಅರ್ಥ. ರಕ್ತಕ್ಕೆ ನಂಜೇರುವ ಸೆಪ್ಸಿಸ್ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ. ಜ್ವರ ಬರಲಿ ಎಂದು ಕಾಯುವುದು ದೊಡ್ಡ ತಪ್ಪು. ಎಳೆಮರಿಯ ಮೈ ಸಾಮಾನ್ಯವಾಗಿ 99ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಂಜೇರಿದ ಮರಿಯಲ್ಲೂ ಅಷ್ಟೇ ಇರಬಹುದು, 99ಕ್ಕಿಂತ ಕೆಳಗೂ ಇಳಿಯಬಹುದು. ಮೈ ತಣ್ಣಗಾದ ಮರಿಯ ಸ್ಥಿತಿ ಜ್ವರ ಬಂದ ಮರಿಗಿಂತ ಗಂಭೀರ.

ಕುದುರೆಯ ಮಾಸು ರೋಗದ ವಿರುದ್ಧ ಹೋರಾಡುವ ತಾಯಿಯ ಪ್ರತಿಕಾಯಗಳನ್ನು ಗರ್ಭದ ಮರಿಗೆ ದಾಟಿಸುವುದಿಲ್ಲ. ರಕ್ಷಣೆಯೆಲ್ಲ ಗಿಣ್ಣು ಹಾಲಿನಿಂದಲೇ ಬರಬೇಕು, ಮತ್ತು ಮರಿಯ ಕರುಳು ಅದನ್ನು ಹೀರುವುದು ಮೊದಲ 18ರಿಂದ 24 ಗಂಟೆ ಮಾತ್ರ. ಹಾಗಾಗಿ ಗಡಿಯಾರ ನೋಡಿ ಬರೆದಿಡಿ: 1 ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, 2 ಗಂಟೆಯೊಳಗೆ ಹಾಲು ಕುಡಿಯಬೇಕು, 3 ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಮಾಸನ್ನು ಎಸೆಯದೆ ಬಕೆಟ್‌ನಲ್ಲಿ ಇಟ್ಟಿರಿ. ದಪ್ಪಗಾಗಿದ್ದರೆ, ಬಣ್ಣ ಕೆಟ್ಟಿದ್ದರೆ, ದುರ್ವಾಸನೆ ಇದ್ದರೆ ಮರಿಗೆ ಸೋಂಕು ಗರ್ಭದಲ್ಲೇ ತಗುಲಿರಬಹುದು. ಈಯುವ ಮೊದಲೇ ದಿನಗಟ್ಟಲೆ ಹಾಲು ಸೋರಿದ್ದರೆ ಗಿಣ್ಣು ಹಾಲು ಆಗಲೇ ನೆಲದ ಪಾಲಾಗಿದೆ.

ಮರಿ ಚುರುಕಾಗಿ ಕಂಡರೂ 12ರಿಂದ 24 ಗಂಟೆಯ ನಡುವೆ ಐಜಿಜಿ ಪರೀಕ್ಷೆ, ಅಂದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಪರೀಕ್ಷೆ, ಮಾಡಿಸಿ. ಡೆಸಿಲೀಟರ್‌ಗೆ 800 ಮಿಲಿಗ್ರಾಂ ಮೀರಿದ್ದರೆ ಸಾಕು. 400ಕ್ಕಿಂತ ಕಡಿಮೆ ಇದ್ದರೆ ಮರಿಗೆ ರಕ್ಷಣೆ ಸಿಕ್ಕಿಲ್ಲ. ಕರುಳು ಮುಚ್ಚಿದ ಮೇಲೆ ಗಿಣ್ಣು ಹಾಲು ಕುಡಿಸಿದರೆ ಪ್ರಯೋಜನವಿಲ್ಲ, ಸಿರೆಗೆ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡಬೇಕಾಗುತ್ತದೆ.

ಮೈ ಪರೀಕ್ಷೆಗೆ ಒಳ್ಳೆಯ ಬೆಳಕು ಬೇಕು. ವಸಡು ತಿಳಿಗುಲಾಬಿಯಾಗಿರಬೇಕು. ಇಟ್ಟಿಗೆಗೆಂಪು, ಬೂದುಬಣ್ಣ, ಸಾಸಿವೆಯಷ್ಟು ಕೆಂಪು ಚುಕ್ಕೆ, ಇವೆಲ್ಲ ನಂಜಿನ ಸೂಚನೆ. ಕಿವಿಯ ಒಳಮೈಯಲ್ಲೂ ಅದೇ ಚುಕ್ಕೆ ಹುಡುಕಿ. ಗೊರಸಿನ ಮೇಲಂಚು ಕೆಂಪಡರಿದೆಯೇ, ಕಣ್ಣು ಮಂಜಾಗಿದೆಯೇ ಗಮನಿಸಿ. ಹೊಕ್ಕುಳು ಹೊರಗೆ ಒಣಗಿ ಚೆನ್ನಾಗಿ ಕಂಡರೂ ಒಳಗೆ ಕೀವು ಇರಬಹುದು. ಅದು ಗೊತ್ತಾಗುವುದು ಅಲ್ಟ್ರಾಸೌಂಡ್‌ನಲ್ಲಿ: ಹೊಕ್ಕುಳಿನ ಸಿರೆ ಸುಮಾರು 10 ಮಿಲಿಮೀಟರ್ ಮೀರಿದ್ದರೆ ಅನುಮಾನಿಸಬೇಕು.

ಕುಂಟುವ ಮರಿಯನ್ನು ನೋಡಿ "ತಾಯಿ ತುಳಿದಿರಬೇಕು" ಎಂದು ಬಿಟ್ಟುಬಿಡುವುದರಿಂದ ಬಹಳ ಮರಿಗಳ ಕಾಲು ಹಾಳಾಗಿದೆ. ಎಳೆಮರಿ ಕುಂಟಿದರೆ, ಬೇರೆ ಕಾರಣ ಖಚಿತವಾಗುವವರೆಗೂ ಅದು ಕೀಲಿನ ಸೋಂಕು ಎಂದೇ ಹಿಡಿಯಿರಿ. ರಕ್ತದಲ್ಲಿ ಹರಿದ ಬ್ಯಾಕ್ಟೀರಿಯಾ ಕೀಲು ಮತ್ತು ಮೂಳೆ ಬೆಳೆಯುವ ತುದಿಗಳಲ್ಲಿ ನೆಲೆ ಹಿಡಿಯುತ್ತದೆ. ವೈದ್ಯರು ಚರ್ಮ ಶುಚಿಮಾಡಿ ಕೀಲಿನ ದ್ರವ ತೆಗೆದು, ಜೀವಕೋಶ ಎಣಿಸಲು ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಕೊಳವೆಗೆ, ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡಲು, ಬ್ಲಡ್ ಕಲ್ಚರ್ ಬಾಟಲಿಗೆ ಹಾಕಬೇಕು. ಪ್ರತಿ ಮೈಕ್ರೋಲೀಟರ್‌ಗೆ 30,000 ಜೀವಕೋಶ ದಾಟಿ, ಅವುಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿರಕ್ತಕಣ) ಆಗಿದ್ದರೆ ಸೋಂಕು ಎಂದೇ ತಿಳಿದು ಆ ದಿನವೇ ಕೀಲು ತೊಳೆಯಬೇಕು.

ಬ್ಲಡ್ ಕಲ್ಚರ್ ಕೆಡುವುದು ಬಹುಪಾಲು ಲ್ಯಾಬ್‌ನಲ್ಲಲ್ಲ, ಲಾಯದಲ್ಲಿ. ಆಂಟಿಬಯೋಟಿಕ್ ಕೊಡುವ ಮೊದಲೇ ರಕ್ತ ತೆಗೆಯಿರಿ. ಕತ್ತಿನ ಸಿರೆಯ ಮೇಲೆ ಕೂದಲು ಕತ್ತರಿಸಿ, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಕೊಳೆ ಹೋಗುವವರೆಗೂ ಉಜ್ಜಿ, ಸ್ಪಿರಿಟ್ ಹಚ್ಚಿ, ಒಣಗಲು ಬಿಡಿ. ಸ್ಟೆರೈಲ್ ಗ್ಲೌಸ್ ಹಾಕಿಕೊಂಡ ಮೇಲೆ ಬರಿಗೈಯವರು ಯಾರೂ ಆ ಜಾಗ ಮುಟ್ಟಬಾರದು. ಬಾಟಲಿಯ ರಬ್ಬರ್ ಮುಚ್ಚಳಕ್ಕೂ ಸ್ಪಿರಿಟ್ ಹಚ್ಚಿ, ಸೂಜಿ ಬದಲಿಸಿ, ಬಾಟಲಿಯ ಮೇಲೆ ಬರೆದ ಅಳತೆಯಷ್ಟೇ ರಕ್ತ ತುಂಬಿ. ಫ್ರಿಜ್‌ನಲ್ಲಿ ಇಡಬೇಡಿ, ತಂಪಿಗೆ ಕೆಲವು ಬ್ಯಾಕ್ಟೀರಿಯಾ ಬೆಳೆಯದೇ ಹೋಗುತ್ತವೆ. ಕುಣಿಗಲ್ ಕಡೆಯ ಸ್ಟಡ್‌ಗಳವರು (ಕುದುರೆ ಸಾಕಣೆ ಕೇಂದ್ರದವರು) ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುವುದಾದರೆ ಮೊದಲೇ ಫೋನ್ ಮಾಡಿ, ಅವತ್ತೇ ತಲುಪಿಸಿ.

ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು, ಮರಿಗೆ ಅಷ್ಟು ಸಮಯವಿಲ್ಲ. ರಕ್ತ ತೆಗೆದ ತಕ್ಷಣ ಚಿಕಿತ್ಸೆ ಶುರುವಾಗಬೇಕು. ಇ. ಕೋಲೈ, ಆಕ್ಟಿನೋಬ್ಯಾಸಿಲಸ್, ಕ್ಲೆಬ್ಸಿಯೆಲ್ಲಾದಂಥ ಗ್ರಾಂ-ನೆಗೆಟಿವ್ ಬಗೆಯ ಬ್ಯಾಕ್ಟೀರಿಯಾಗಳೇ ಹೆಚ್ಚಾಗಿ ಸಿಕ್ಕರೂ ಗ್ರಾಂ-ಪಾಸಿಟಿವ್ ಬಗೆಯ ಸ್ಟ್ರೆಪ್ಟೋಕಾಕಸ್‌ನಂಥವೂ ಇರುತ್ತವೆ. ಆದ್ದರಿಂದ ಎರಡೂ ಬಗೆಗೆ ತಾಗುವ ಔಷಧ ಬೇಕು. ಕಲ್ಚರ್ ನೆಗೆಟಿವ್ ಬಂತೆಂದು ಅರ್ಧಕ್ಕೇ ನಿಲ್ಲಿಸಬೇಡಿ. ನಿಜವಾಗಿ ನಂಜೇರಿದ ಮರಿಯಲ್ಲೂ ಏನೂ ಬೆಳೆಯದಿರುವುದುಂಟು.

ಅಷ್ಟರೊಳಗೆ ದಾರಿ ತೋರಿಸುವುದು ರಕ್ತದ ಎಣಿಕೆ. ಬಿಳಿರಕ್ತಕಣ ಮೈಕ್ರೋಲೀಟರ್‌ಗೆ 4,000ಕ್ಕಿಂತ ಕೆಳಗಿಳಿದು, ಬಲಿಯದ ನ್ಯೂಟ್ರೋಫಿಲ್‌ಗಳು ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. ಹುಟ್ಟಿದ ದಿನವೇ ಫೈಬ್ರಿನೋಜೆನ್ (ಉರಿಯೂತವಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಡೆಸಿಲೀಟರ್‌ಗೆ 600 ಮಿಲಿಗ್ರಾಂ ದಾಟಿದ್ದರೆ ಸೋಂಕು ಗರ್ಭದಲ್ಲೇ ಶುರುವಾಗಿದೆ. ಏಕೆಂದರೆ ಫೈಬ್ರಿನೋಜೆನ್ ಏರಲು ಒಂದೆರಡು ದಿನ ಬೇಕಾಗುತ್ತದೆ. ಗ್ಲೂಕೋಸನ್ನು ಸಕ್ಕರೆ ಕಾಯಿಲೆಯವರ ಗ್ಲೂಕೋಮೀಟರ್‌ನಲ್ಲೇ ಸ್ಥೂಲವಾಗಿ ನೋಡಬಹುದು. ಡೆಸಿಲೀಟರ್‌ಗೆ 60 ಮಿಲಿಗ್ರಾಂಗಿಂತ ಕಡಿಮೆ ಬಂದರೆ ತುರ್ತು. ಇವನ್ನೆಲ್ಲ ಅಂಕವಾಗಿ ಕೂಡಿಸುವ ಬ್ರೂವರ್–ಕೊಟೆರ್ಬಾ ಪಟ್ಟಿ 1988ರಿಂದ ಬಳಕೆಯಲ್ಲಿದೆ. ಮೊತ್ತ 11 ಮುಟ್ಟಿದರೆ ಸೆಪ್ಸಿಸ್ ಎಂದೇ ಲೆಕ್ಕ. ಅಂಕ ಕಡಿಮೆ ಬಂದ ಮರಿಗಳಲ್ಲೂ ನಂಜು ಸಿಕ್ಕಿದೆ, ಹಾಗಾಗಿ ಮರಿ ಮಂಕಾಗಿದ್ದರೆ ಪಟ್ಟಿಗಿಂತ ಕಣ್ಣನ್ನೇ ನಂಬಿ.

ಹುಟ್ಟುವಾಗ ಆಮ್ಲಜನಕ ಸಾಲದ ಮರಿ, ದಿನ ತುಂಬದ ಮರಿ, ಮೂತ್ರಕೋಶ ಒಡೆದ ಮರಿ ಕೂಡ ಹೀಗೇ ಮಂಕಾಗಿ ಮಲಗುತ್ತವೆ. ಇವುಗಳಲ್ಲಿ ಒಂದು ಪತ್ತೆಯಾಯಿತೆಂದು ನಂಜನ್ನು ಕೈಬಿಡಬೇಡಿ, ಎರಡೂ ಒಟ್ಟಿಗೆ ಇರಬಹುದು. ಚೇತರಿಸಿಕೊಂಡ ಮರಿಯ ಕೀಲುಗಳನ್ನೂ ಮುಂದಿನ ಕೆಲವು ವಾರ ಬೆಳಗ್ಗೆ ಸಂಜೆ ಒಂದೊಂದಾಗಿ ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಊದಿದ್ದರೆ ಅದೇ ದಿನ ದ್ರವ ತೆಗೆಸಿ.