ಬಾಮೈದನ ತೋಳು, ನನ್ನ ಟೇಪು

ನಾನೂ ಬಾಮೈದನೂ ಕೋಲಾರದ ಒಂದೇ ಜಿಮ್ಮಿಗೆ ಒಂದೇ ಸೋಮವಾರ ಸೇರಿದ್ದು. ಮೂರು ತಿಂಗಳಿಗೆ ಅವನ ಅಂಗಿ ತೋಳು ಬಿಗಿಯಾಯ್ತು, ನನ್ನದು ಜೋತಾಡ್ತಾನೇ ಇತ್ತು. "ಏನ್ ಭಾವ, ಡಂಬೆಲ್ ಎತ್ತುತ್ತೀರೋ, ಧೂಳು ಒರೆಸ್ತೀರೋ?" ಅಂದ. ಮನೆಯವಳೂ ನಕ್ಕಳು.

ನಿಮ್ಮದೂ ಇದೇ ಕಥೆಯಾದ್ರೆ, ಮೈಯನ್ನ ಬೈಯೋಕೆ ಮೊದಲು ದರ್ಜಿ ಟೇಪು ತಗೊಳ್ಳಿ. ಭುಜದ ತುದಿಗೂ ಮೊಣಕೈಗೂ ನಡುಮಧ್ಯದಲ್ಲಿ ಪೆನ್ನಿಂದ ಚುಕ್ಕಿ ಇಟ್ಟು, ಕೈ ಇಳಿಬಿಟ್ಟು, ಚರ್ಮ ಅಮುಕದ ಹಾಗೆ ಸುತ್ತಿ. ಬೆಳಿಗ್ಗೆಯೇ ಅಳೀಬೇಕು, ಭಾರ ಎತ್ತಿದ ಮೇಲೆ ರಕ್ತ ತುಂಬಿ ತೋಳು ಸುಳ್ಳು ಹೇಳುತ್ತೆ. ನಾನು ಒಂದೊಂದು ಸಲ ಒಂದೊಂದು ಕಡೆ ಅಳೆದು ಎರಡು ವಾರ ಬೀಗಿದ್ದೆ, ಮೂರನೇ ವಾರ ಇಳಿದುಹೋದೆ. ಹದಿನೈದು ದಿನಕ್ಕೊಮ್ಮೆ ಸಾಕು. ಪಕ್ಕದಲ್ಲೇ ಎತ್ತಿದ ಕೆಜಿ ಬರೆಯಿರಿ.

ಯಾಕಂದ್ರೆ ಗಾತ್ರ, ಬಲ ಎರಡೂ ಜೊತೆಯಲ್ಲೇ ಏರಲ್ಲ. ಗಾತ್ರ ಎಲ್ಲರಿಗೂ ಒಂದೇ ಸಮ ಏರೋದೂ ಇಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 585 ಮಂದಿ 12 ವಾರ ಒಂದೇ ಕೈಗೆ ಒಂದೇ ಥರದ ವ್ಯಾಯಾಮ ಮಾಡಿದ್ರು. ಒಬ್ಬರ ತೋಳಿನ ಸ್ನಾಯು ಶೇ 2ರಷ್ಟು ಕುಗ್ಗಿತ್ತು, ಇನ್ನೊಬ್ಬರದು ಶೇ 59ರಷ್ಟು ಹಿಗ್ಗಿತ್ತು! ಸ್ನಾಯು ಎಳೆಗಳ ಪಕ್ಕ ಮಲಗಿರೋ ಸ್ಯಾಟಲೈಟ್ ಕೋಶಗಳು ಕೆಲವರಲ್ಲಿ ಬೇಗ ಎದ್ದು ಎಳೆಗೆ ಸೇರಿಕೊಳ್ಳುತ್ತವೆ, ಕೆಲವರಲ್ಲಿ ನಿಧಾನ. ಹುಟ್ಟಿನಿಂದ ಬಂದದ್ದೂ ಇದೆ. ಅದನ್ನ ಬದಲಾಯಿಸೋಕಾಗಲ್ಲ, ಬಿಡಿ.

ಬದಲಾಯಿಸಬಹುದಾದ್ದು ಬೇರೆ ಇದೆ. ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋನು. ಅಲ್ಲಿನ ಹಮಾಲಿಗಳು ದಿನಾ 15 ಕೆಜಿ ಬಾಕ್ಸ್ ಎತ್ತುತ್ತಾರೆ, ಆದ್ರೂ ತೋಳು ವರ್ಷವರ್ಷ ದಪ್ಪ ಆಗಲ್ಲ. ಬಾಕ್ಸಿನ ತೂಕ ಏರೋದೇ ಇಲ್ವಲ್ಲ. ನಾನೂ ಅದೇ ಐದು ಕೆಜಿಗೆ ಅಂಟಿಕೊಂಡಿದ್ದೆ. ತೂಕ ಏರಿಸಿದೆ, ವಾರಕ್ಕೆ ಆರು ಸೆಟ್ (ನಡುವೆ ನಿಲ್ಲಿಸದೆ ಎತ್ತೋ ಒಂದು ಸುತ್ತು) ಇದ್ದದ್ದನ್ನ ಹತ್ತು ಮಾಡಿದೆ. ಸೆಟ್ ಮುಗಿಯುವಾಗ ಇನ್ನೊಂದೆರಡು ಸಲಕ್ಕಷ್ಟೇ ಕಸುವು ಉಳಿದಿರಬೇಕು.

ಊಟದ ಲೆಕ್ಕ ಇನ್ನೂ ಕೆಟ್ಟಿತ್ತು. ಮೈತೂಕದ ಕೆಜಿಗೆ 1.6 ಗ್ರಾಂ ಪ್ರೋಟೀನ್ ಅಂದ್ರೆ 60 ಕೆಜಿಯ ನನಗೆ 96 ಗ್ರಾಂ. 100 ಗ್ರಾಂ ರಾಗಿಹಿಟ್ಟಲ್ಲಿ ಇರೋದು ಏಳು ಗ್ರಾಂ! ಮುದ್ದೆ ಬಿಡಲಿಲ್ಲ, ಬಸ್ಸಾರಿನಲ್ಲಿ ಹುರುಳಿಕಾಳು ಎರಡರಷ್ಟಾಯ್ತು, ಜೊತೆಗೆ ಮೊಟ್ಟೆ, ಮೊಸರು, ಒಂದು ಹಿಡಿ ಕಡಲೆಕಾಯಿ ಬೀಜ. ನಿದ್ದೆಯೂ ಬೇಕಲ್ಲ, ಟೊಮೆಟೊ ಸೀಸನ್ನಲ್ಲಿ ಬೆಳಗಿನ ನಾಲ್ಕೂವರೆಗೆ ಏಳಬೇಕಾದ್ದರಿಂದ ಒಂಬತ್ತಕ್ಕೇ ದೀಪ ಆರಿಸ್ತೀನಿ.

ಶುರುವಲ್ಲಿ 28.4 ಸೆಂ.ಮೀ. ಇದ್ದ ತೋಳು ಈಗ 29.6. ಬಾಮೈದನದು ಎಷ್ಟಂತ ಕೇಳಿದೆ. ಅವನು ಅಳೆದೇ ಇಲ್ವಂತೆ.