ಬೇಡಿಕೆಯ ಸಾಲು ಎಲ್ಲಿದೆ? ಕ್ರುಸೇಡ್ ಕಾಲದ ಪತ್ರಗಳನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಚಿಕ್ಕವನಿದ್ದಾಗ ನಮ್ಮಜ್ಜಿಗೆ ಪತ್ರ ಬರೆದುಕೊಡುವ ಕೆಲಸ ನನ್ನದು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಮುಂಬಯಿಯಲ್ಲಿದ್ದ ಮಾವನಿಗೆ ಇನ್‌ಲ್ಯಾಂಡ್ ಲೆಟರ್ ಬರೆಸುತ್ತಿದ್ದರು. ಮೊದಲು ‘ಉಭಯ ಕುಶಲೋಪರಿ ಸಾಂಪ್ರತ’. ಆಮೇಲೆ ಮಳೆ ಜಾಸ್ತಿ, ಹಿತ್ತಲ ಗೋಡೆ ಕುಸಿದಿದೆ, ಹೆಂಚು ಒಡೆದಿದೆ, ಎಮ್ಮೆ ಹಾಲು ಬತ್ತಿದೆ. ಕೊನೆಗೆ ‘ಮಿಕ್ಕಿದ್ದು ಈ ಪತ್ರ ತಂದವರು ಹೇಳುತ್ತಾರೆ’, ಅಥವಾ ‘ಉಳಿದ ವಿಷಯ ಮುಖತಃ’. ದುಡ್ಡು ಕಳಿಸು ಅಂತ ಒಂದು ಸಾಲೂ ಇರುತ್ತಿರಲಿಲ್ಲ. ನಾನು ಕೇಳಿದರೆ, ‘ಅವನಿಗೆ ಅರ್ಥ ಆಗುತ್ತೆ, ನೀನು ಬರಿ’ ಅನ್ನುತ್ತಿದ್ದರು.

ಕ್ರುಸೇಡರ್‌ಗಳು, ಅಂದರೆ ಜೆರುಸಲೇಮನ್ನು ಮುಸ್ಲಿಮರಿಂದ ಗೆಲ್ಲಲು ಯೂರೋಪಿನಿಂದ ಹೊರಟ ಕ್ರೈಸ್ತ ಯೋಧರು, ಮೆಡಿಟರೇನಿಯನ್‌ನ ಪೂರ್ವದ ಆಂಟಿಯೋಕ್, ಜೆರುಸಲೇಮ್, ಟೈರ್‌ಗಳಿಂದ ಯೂರೋಪಿಗೆ ಸಹಾಯ ಕೇಳಿ ಬರೆದ ಪತ್ರಗಳನ್ನು ಕನ್ನಡಕ್ಕೆ ತರಲು ಕೂತಾಗ ಅಜ್ಜಿಯ ಆ ಪತ್ರಗಳು ನೆನಪಾಗುತ್ತವೆ ಅಂದುಕೊಂಡಿರಲಿಲ್ಲ. ನಾನು ಚರಿತ್ರೆ ಪಾಠ ಮಾಡುವವನು. ಲ್ಯಾಟಿನ್ ತಡವಾಗಿ, ನಿಘಂಟು ಮತ್ತು ವ್ಯಾಕರಣ ಇಟ್ಟುಕೊಂಡು ಕಲಿತಿದ್ದು. ಬೆಳಿಗ್ಗೆ ಒಂದು ಗಂಟೆ, ದಿನಕ್ಕೆ ನಾಲ್ಕೈದು ಸಾಲು. ಅಷ್ಟೇ ನನ್ನ ವೇಗ.

ಮೊದಲು ಹಿಡಿದದ್ದು 1098ರ ಸೆಪ್ಟೆಂಬರ್ 11ರ ಪತ್ರ. ಆಂಟಿಯೋಕ್ ಗೆದ್ದ ನಾಯಕರು ಪೋಪ್ ಎರಡನೇ ಅರ್ಬನ್‌ಗೆ ಬರೆದದ್ದು. ಬೊಹೆಮಂಡ್, ರೇಮಂಡ್, ಗಾಡ್‌ಫ್ರಿ, ಇಬ್ಬರು ರಾಬರ್ಟ್‌ಗಳು, ಯುಸ್ಟೇಸ್, ಎಲ್ಲರ ಹೆಸರೂ ಮೇಲಿದೆ. ತಂದೆಗೆ ಮಕ್ಕಳು ಬರೆಯುವಂತೆ ಬರೆಯುತ್ತಿದ್ದೇವೆ ಎಂದು ವಂದನೆಯಲ್ಲೇ ಹೇಳುತ್ತಾರೆ. ನಾನು ಇದನ್ನು ‘ತಾವು’ ಹಾಕಿ ಅನುವಾದಿಸಿದೆ. ತಿರುಗಿ ಓದಿದರೆ ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿ ಥರ ಕೇಳಿಸಿತು. ಪೂರ್ತಿ ಹೊಡೆದು ಹಾಕಿ ‘ನೀವು’ ಎಂದು ಬದಲಿಸಿದೆ. ಆಗ ಮಕ್ಕಳ ದನಿ ಬಂತು.

ದಿನಾಂಕದಲ್ಲಿ ಎಡವಿದೆ. ಊರು ಕೈಗೆ ಬಂದದ್ದು ‘ಜೂನ್ ನೋನ್ಸ್‌ಗೆ ಮೂರನೆಯ ದಿನ’ ಎಂದಿದೆ. ನೋನ್ಸ್ ಅನ್ನುವುದು ರೋಮನ್ ಪಂಚಾಂಗದಲ್ಲಿ ಹಿಂದಕ್ಕೆ ಎಣಿಸಲು ಇಟ್ಟುಕೊಂಡ ಒಂದು ಗುರುತಿನ ದಿನ; ಜೂನ್ ತಿಂಗಳಲ್ಲಿ ಅದು ಐದನೇ ತಾರೀಖು. ಐದರಲ್ಲಿ ಮೂರು ಕಳೆದು ಜೂನ್ 2 ಎಂದು ಬರೆದೆ. ತಪ್ಪು. ಆ ಲೆಕ್ಕದಲ್ಲಿ ಎರಡೂ ತುದಿಯ ದಿನ ಸೇರುತ್ತವೆ. ನಾವು ವಾರಕ್ಕೊಮ್ಮೆ ಅನ್ನುವುದಕ್ಕೆ ‘ಎಂಟು ದಿನಕ್ಕೊಮ್ಮೆ’ ಅನ್ನುತ್ತೇವಲ್ಲ, ಹಾಗೆ. ಸರಿಯಾದ ದಿನ ಜೂನ್ 3. ಲ್ಯಾಟಿನ್ ಪತ್ರ ಓದಲು ಹೊರಟವರು ಈ ಎಣಿಕೆಯನ್ನು ಮೊದಲ ವಾರದಲ್ಲೇ ಕಲಿತುಕೊಳ್ಳಿ.

ಇದೇ ಜಾಗದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿಯವರೆಗೂ ‘ನಾವು, ನಾವು’ ಎಂದು ಬರುತ್ತಿದ್ದ ಪತ್ರ ಇದ್ದಕ್ಕಿದ್ದಂತೆ ‘ಬೊಹೆಮಂಡನಾದ ನಾನು’ ಎಂದು ಶುರುಮಾಡುತ್ತದೆ. ಒಬ್ಬ ತುರ್ಕನ ಜೊತೆ ಒಪ್ಪಂದ ಮಾಡಿಕೊಂಡು, ಬೆಳಗಾಗುವ ಮುಂಚೆ ಗೋಡೆಗೆ ಏಣಿ ಹಚ್ಚಿದವನು ನಾನು, ಎಂದು. ಆರು ಜನರ ಪತ್ರದಲ್ಲಿ ಒಬ್ಬನ ‘ನಾನು’! ಆಂಟಿಯೋಕ್ ಯಾರಿಗೆ ಸೇರಬೇಕು ಎಂಬ ಜಗಳ ಆಗ ನಡೆಯುತ್ತಿತ್ತು. ರೇಮಂಡ್ ಒಪ್ಪುತ್ತಿರಲಿಲ್ಲ. ಬೊಹೆಮಂಡ್ ತನ್ನ ಹಕ್ಕನ್ನು ಪೋಪ್‌ನ ಕಿವಿಗೆ ಹಾಕುತ್ತಿದ್ದಾನೆ. ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ಬಿಡುತ್ತದೆ: ‘ಹಿಡಿದೆವು, ಕೊಂದೆವು’ ಎಂದು ಬರುತ್ತಿದ್ದ ಕಡೆ ‘ಹಚ್ಚಿದೆ’. ನಾನು ಅದನ್ನು ಸಮ ಮಾಡಲು ಹೋಗಲಿಲ್ಲ. ಓದುವವರಿಗೆ ಆ ಕಲ್ಲು ಕಾಲಿಗೆ ತಾಗಬೇಕು.

ಬೇಡಿಕೆ ಬರುವುದು ಕೊನೆಗೆ. ಪೋಪ್‌ನ ಪ್ರತಿನಿಧಿಯಾಗಿ ಜೊತೆಗೆ ಬಂದಿದ್ದ ಲ ಪ್ಯೂಯಿಯ ಬಿಷಪ್ ಅಡೆಮಾರ್ ಆಗಸ್ಟ್ 1ರಂದು ತೀರಿಕೊಂಡರು. ಈಗ ನಾವು ತಂದೆಯಿಲ್ಲದ ಮಕ್ಕಳು, ನೀವೇ ಬನ್ನಿ, ಅನ್ನುತ್ತಾರೆ. ಕ್ರೈಸ್ತರೆಂಬ ಹೆಸರು ಮೊದಲು ಹುಟ್ಟಿದ ಊರು ಇದು. ಈ ದಾರಿ ಶುರುಮಾಡಿದವರು ನೀವು. ಯುದ್ಧ ನಿಮ್ಮದು, ಬಂದು ಮುಗಿಸಿ. ಎಷ್ಟು ನೇರವಾದ ಮಾತು! ಸಹಾಯ ಮಾಡಿ ಅನ್ನುವುದು ಒಂದು, ‘ಇದು ನಿಮ್ಮದೇ ಕೆಲಸ’ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಆದರೂ ಅರ್ಬನ್ ಬರಲಿಲ್ಲ. 1099ರ ಜುಲೈ 15ರಂದು ಜೆರುಸಲೇಮ್ ಕ್ರುಸೇಡರ್‌ಗಳ ಕೈಸೇರಿತು. ಜುಲೈ 29ಕ್ಕೆ ಪೋಪ್ ತೀರಿಕೊಂಡರು. ಸುದ್ದಿ ಅವರನ್ನು ಮುಟ್ಟಿರಲೇ ಇಲ್ಲ.

ಈ ಪತ್ರ ಮುಗಿಸುವ ಹೊತ್ತಿಗೆ ಪತ್ರಗಳಿಗೆ ಒಂದು ಅಚ್ಚು ಇದೆ ಎಂದು ಗೊತ್ತಾಯಿತು. 12ನೇ ಶತಮಾನದ ಇಟಲಿಯಲ್ಲಿ, ಅದರಲ್ಲೂ ಬೊಲೊನ್ಯಾದಲ್ಲಿ, ಪತ್ರ ಬರೆಯುವುದನ್ನು ವಿದ್ಯೆಯಾಗಿ ಕಲಿಸುತ್ತಿದ್ದರು. ವಂದನೆ, ಮನ ಒಲಿಸುವ ಮಾತು, ನಡೆದ ಸಂಗತಿ, ಬೇಡಿಕೆ, ಮುಕ್ತಾಯ: ಐದು ಭಾಗ. ನಮ್ಮಲ್ಲಿ ಇದಕ್ಕೆ ಒಕ್ಕಣೆ ಎಂಬ ಒಳ್ಳೆಯ ಮಾತೇ ಇದೆ. ಕಚೇರಿ ಕಾಗದಕ್ಕೂ ಮದುವೆ ಕರೆಯೋಲೆಗೂ ಒಂದೊಂದು ಒಕ್ಕಣೆ ಇರುತ್ತಲ್ಲ, ಅಲ್ವಾ? ಅಂದಿನಿಂದ ನಾನು ಹೊಸ ಪತ್ರ ಹಿಡಿದರೆ ಮೊದಲು ಬೇಡಿಕೆ ಎಲ್ಲಿದೆ ಎಂದು ಹುಡುಕಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತೇನೆ. ಆಮೇಲೆ ಮೇಲಿನಿಂದ ಓದುತ್ತೇನೆ. ಎಷ್ಟೋ ಸಲ ಆ ಗೆರೆ ಒಂದೇ ಸಾಲಿನದು. ಭಾರವೆಲ್ಲ ನಡೆದ ಸಂಗತಿಯ ಮೇಲೆ. ಕುಸಿದ ಗೋಡೆ, ಒಡೆದ ಹೆಂಚು.

ಇನ್ನು ಕೆಲವು ಪತ್ರಗಳಲ್ಲಿ ‘ಲಾತೊರ್ ಪ್ರೆಸೆಂತಿಯುಮ್’ ಎಂಬ ಮಾತು ಸಿಗುತ್ತದೆ. ಪದಕ್ಕೆ ಪದ ಇಟ್ಟರೆ ‘ಇವುಗಳನ್ನು ಹೊತ್ತು ತಂದವನು’. ಎರಡು ದಿನ ಒದ್ದಾಡಿದೆ. ಆಮೇಲೆ ಅಜ್ಜಿಯ ಮಾತು ತಾನಾಗಿ ಬಂತು: ‘ಮಿಕ್ಕಿದ್ದು ಈ ಪತ್ರ ತಂದವರು ಹೇಳುತ್ತಾರೆ.’ ದಾರಿಯಲ್ಲಿ ಪತ್ರ ಯಾರ ಕೈಗಾದರೂ ಬೀಳಬಹುದು. ಎಷ್ಟು ಸೈನಿಕರು ಬೇಕು, ಒಳಗೆ ಯಾರಿಗೆ ಯಾರಿಗೆ ಆಗುವುದಿಲ್ಲ, ಇಂಥದ್ದನ್ನು ಬರೆದು ಕಳಿಸುವುದು ಅಪಾಯ. ಹಾಗಾಗಿ ನಂಬಿಕಸ್ಥರ ಬಾಯಿಗೆ ಬಿಡುತ್ತಿದ್ದರು. ಕ್ರುಸೇಡರ್‌ಗಳ ಕೈಯಲ್ಲಿದ್ದ ಎಡೆಸ್ಸಾ ಊರು 1144ರ ಡಿಸೆಂಬರಿನಲ್ಲಿ ಮುಸ್ಲಿಂ ದೊರೆ ಜೆಂಗಿಯ ಕೈಸೇರಿದ ಮೇಲೆ, ಸಿರಿಯಾ ಕರಾವಳಿಯ ಜಬಲಾದ ಬಿಷಪ್ ಹ್ಯೂ ಇಟಲಿಯ ವಿತೆರ್ಬೊವರೆಗೆ ಹೋಗಿ ಪೋಪ್ ಮೂರನೇ ಯೂಜೀನಿಯಸ್‌ರ ಮುಂದೆ ತಾವೇ ಅಳಲು ಹೇಳಿಕೊಂಡರು. 1145ರ ಡಿಸೆಂಬರ್ 1ರಂದು ಎರಡನೇ ಕ್ರುಸೇಡಿನ ಕರೆ ಹೊರಟಿತು. ನಡುವೆ ಸುಮಾರು ಒಂದು ವರ್ಷ. ಚಳಿಗಾಲದಲ್ಲಿ ಮೆಡಿಟರೇನಿಯನ್ ದಾಟುವ ಹಡಗು ಕಡಿಮೆ. ಓದುವಾಗ ಈ ಅಂತರ ಮನಸ್ಸಿನಲ್ಲಿರಲಿ. ಪತ್ರ ತಲುಪುವ ಹೊತ್ತಿಗೆ ಅದರಲ್ಲಿರುವ ಊರು ಕೈತಪ್ಪಿರಬಹುದು.

ವಂದನೆಯ ಸಾಲನ್ನು ಹಗುರವಾಗಿ ನೋಡಬೇಡಿ. ನಾನು ಮೊದಮೊದಲು ಅದನ್ನು ಸುಮ್ನೆ ಒಂದು ಸಾಲಿಗೆ ಇಳಿಸಿಬಿಡುತ್ತಿದ್ದೆ. ಬುದ್ಧಿ ಬಂದದ್ದು ಎದುರು ಪಕ್ಷದ ಒಂದು ಪತ್ರದಿಂದ. ಕ್ರುಸೇಡರ್‌ಗಳ ಎದುರು ನಿಂತ ಈಜಿಪ್ಟ್, ಸಿರಿಯಾಗಳ ಸುಲ್ತಾನ ಸಲಾದಿನ್ ಕೂಡ ಸಹಾಯ ಕೇಳಿ ಬರೆದವನೇ. 1190ರಲ್ಲಿ, ತನ್ನ ಕೈಯಲ್ಲಿದ್ದ ಏಕರ್ ಊರಿಗೆ ಕ್ರುಸೇಡರ್‌ಗಳ ಮುತ್ತಿಗೆ ಬಿಗಿಯಾದಾಗ, ಮೊರಾಕ್ಕೊದ ಅಲ್ಮೊಹಾದ್ ವಂಶದ ದೊರೆ ಯಾಕೂಬ್ ಅಲ್ ಮನ್ಸೂರ್‌ಗೆ ಹಡಗು ಕಳಿಸಿ ಎಂದು ಕೇಳಿದ. ಅಲ್ ಮನ್ಸೂರ್ ತನ್ನನ್ನು ‘ಅಮೀರ್ ಅಲ್ ಮೂಮಿನೀನ್’, ಅಂದರೆ ನಂಬಿದವರೆಲ್ಲರ ಒಡೆಯ, ಎಂದು ಕರೆದುಕೊಳ್ಳುತ್ತಿದ್ದ. ಸಲಾದಿನ್‌ಗೆ ಆ ಬಿರುದು ಬಾಗ್ದಾದಿನ ಖಲೀಫನದು. ಇಬ್ಬರಿಗೆ ಕೊಡುವ ಹಾಗಿಲ್ಲ. ಪತ್ರದಲ್ಲಿ ಅದನ್ನು ಬಳಸಲಿಲ್ಲ. ಹಡಗು ಬರಲಿಲ್ಲ. ಬಿರುದು ಬಿಟ್ಟದ್ದೇ ಕಾರಣ ಎಂಬುದು ಹಳೆಯ ಕಾಲದಿಂದಲೂ ಬಂದಿರುವ ಮಾತು. ಅದೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ, ಆದರೆ ಅಂದಿನಿಂದ ವಂದನೆಯನ್ನು ಪದಪದವಾಗಿ ಅನುವಾದಿಸುತ್ತೇನೆ.

ಹಾಗೆ ಮಾಡಿದ್ದರಿಂದಲೇ ಟೆರಿಕಸ್‌ನ ಪತ್ರ ನನಗೆ ದಕ್ಕಿತು. 1187ರ ಜುಲೈ 4ರಂದು ಹತ್ತೀನ್‌ನಲ್ಲಿ ಸಲಾದಿನ್ ಎದುರು ಕ್ರುಸೇಡರ್‌ಗಳ ಜೆರುಸಲೇಮ್ ರಾಜ್ಯದ ಸೈನ್ಯ ನುಚ್ಚುನೂರಾಯಿತು. ಯೋಧ ಸನ್ಯಾಸಿಗಳ ಸಂಘವಾದ ಟೆಂಪ್ಲರ್‌ಗಳ ಮುಖ್ಯಸ್ಥ ಸೆರೆಯಾದ. ತಪ್ಪಿಸಿಕೊಂಡು ಬಂದ, ಆ ಸಂಘದ ಮೇಲ್ವಿಚಾರಕ ಟೆರಿಕಸ್ ಪಶ್ಚಿಮದ ತನ್ನ ಸಂಘದ ಸೋದರರಿಗೆಲ್ಲ ಬರೆಯುತ್ತಾನೆ. ವಂದನೆಯಲ್ಲೇ ತಮ್ಮನ್ನು ‘ತೀರಾ ಬಡವಾದ, ಹೆಚ್ಚುಕಡಿಮೆ ಪೂರ್ತಿ ಅಳಿದುಹೋದ ಸಂಘ’ ಎಂದು ಕರೆದುಕೊಳ್ಳುತ್ತಾನೆ. ಹೆಸರು ಹೇಳುವ ಜಾಗದಲ್ಲೇ ನಾಶದ ಸುದ್ದಿ! ಆ ಒಂದು ದಿನ 230 ಸೋದರರ ತಲೆ ಕಡಿದರು, ಮೇ 1ರಂದು ಇನ್ನೂ 60 ಮಂದಿ ಸತ್ತಿದ್ದರು ಎಂದು ಲೆಕ್ಕ ಕೊಡುತ್ತಾನೆ. ಶತ್ರುಗಳು ಟೈರ್‌ನಿಂದ ಜೆರುಸಲೇಮ್‌ವರೆಗೆ, ಗಾಜಾವರೆಗೆ, ಇರುವೆಗಳ ಹಾಗೆ ನೆಲ ಮುಚ್ಚಿದ್ದಾರೆ.

ಈ ಪತ್ರದಲ್ಲಿ ತಾರೀಖು ಇಲ್ಲ. ಆದರೆ ಇನ್ನೂ ಉಳಿದಿರುವ ಊರುಗಳ ಹೆಸರಿದೆ: ಟೈರ್, ಜೆರುಸಲೇಮ್, ಅಸ್ಕಲಾನ್, ಬೈರೂತ್. ಏಕರ್ ಇಲ್ಲ. ಏಕರ್ ಜುಲೈ 10ರ ಹೊತ್ತಿಗೆ ಹೋಯಿತು. ಬೈರೂತ್ ಹೋದದ್ದು ಆಗಸ್ಟ್ 6ಕ್ಕೆ. ಹಾಗಾದರೆ ಪತ್ರ ಇವೆರಡರ ನಡುವಿನದು. ಒಂದು ಹಾಳೆ ಮೇಲೆ ಊರುಗಳನ್ನೂ ಅವು ಬಿದ್ದ ದಿನಗಳನ್ನೂ ಬರೆದು ಪಕ್ಕದಲ್ಲಿಟ್ಟುಕೊಂಡೆ. ನಾಲ್ಕರಲ್ಲಿ ಮೂರು ಆ ವರ್ಷವೇ ಹೋದವು. ಅಕ್ಟೋಬರ್ 2ಕ್ಕೆ ಜೆರುಸಲೇಮ್ ಸಹ. ಟೈರ್ ಒಂದು ಉಳಿಯಿತು. ಸಾಲು ಅನುವಾದಿಸುವಾಗ ಮುಂದೇನಾಗುತ್ತದೆ ಎಂದು ನನಗೆ ಗೊತ್ತು, ಬರೆದವನಿಗೆ ಗೊತ್ತಿಲ್ಲ. ಅವತ್ತು ಅಲ್ಲಿಗೇ ನಿಲ್ಲಿಸಿದೆ, ಮುಂದೆ ಬರೆಯಲು ಆಗಲಿಲ್ಲ.

ಕೇಳಿದರೂ ಸಿಗದ ಸಹಾಯದ ಕಥೆ ಅದಕ್ಕೆ ಎರಡು ವರ್ಷ ಮೊದಲೇ ನಡೆದಿತ್ತು. 1185ರಲ್ಲಿ ಜೆರುಸಲೇಮಿನ ಪೇಟ್ರಿಯಾರ್ಕ್, ಅಂದರೆ ಮುಖ್ಯ ಧರ್ಮಗುರು, ಹೆರಾಕ್ಲಿಯಸ್ ಇಂಗ್ಲೆಂಡಿಗೆ ಹೋಗಿ, ರಾಜ ಎರಡನೇ ಹೆನ್ರಿಯ ಮುಂದೆ ಯೇಸುವಿನ ಸಮಾಧಿಯ ಬೀಗದ ಕೈಗಳನ್ನೇ ಇಟ್ಟರು. ದಾವೀದನ ಗೋಪುರದ ಬೀಗದ ಕೈ ಕೂಡ. ಮಾರ್ಚ್‌ನಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಸಭೆ ಸೇರಿ, ರಾಜ ಹೋಗುವುದು ಬೇಡ ಎಂದು ತೀರ್ಮಾನವಾಯಿತು. ಬೀಗದ ಕೈ ಕೊಡುವುದಕ್ಕಿಂತ ದೊಡ್ಡ ಬೇಡಿಕೆ ಯಾವುದಿದೆ ಹೇಳಿ.

ಈಗ ಮೇಜಿನ ಮೇಲಿರುವುದು ಟೆರಿಕಸ್‌ನದೇ ಇನ್ನೊಂದು ಪತ್ರ. 1188ರ ಆರಂಭದ್ದು, ಅದೇ ಹೆನ್ರಿಗೆ. ಅದರಲ್ಲಿ ಸಲಾದಿನ್ ಟೈರ್ ಮುತ್ತಿಗೆಯಲ್ಲಿ ಸೋತ ದುಃಖಕ್ಕೆ ತನ್ನ ಕುದುರೆಯ ಕಿವಿ, ಬಾಲ ಕತ್ತರಿಸಿ, ಸೈನ್ಯದ ಎದುರು ಅದನ್ನೇ ಏರಿ ಹೋದ ಎಂದಿದೆ. ಜೆರುಸಲೇಮಿನಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಟೆಂಪ್ಲರ್‌ಗಳಂಥದೇ ಇನ್ನೊಂದು ಸಂಘವಾದ ಹಾಸ್ಪಿಟಲರ್‌ಗಳಲ್ಲಿ ಹತ್ತು ಜನರಿಗೆ ಒಂದು ವರ್ಷ ಇರಲು ಬಿಟ್ಟದ್ದೂ ಇದೆ. ಇವೆಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ಸಿಕ್ಕಿಕೊಂಡದ್ದು ವಂದನೆಯಲ್ಲಿ. ಹಿಂದಿನ ಪತ್ರದಲ್ಲಿದ್ದ ಹುದ್ದೆಯ ಹಿಂದೆ ಇಲ್ಲಿ ‘ಕ್ವೊಂದಾಮ್’ ಎಂಬ ಒಂದು ಪದ ಸೇರಿದೆ. ‘ಮಾಜಿ’ ಎಂದು ಬರೆದೆ. ಅವಧಿ ಮುಗಿದು ಮನೆಗೆ ಹೋದವರ ಹಾಗಿತ್ತು. ‘ನಿವೃತ್ತ’ ಇನ್ನೂ ಕೆಟ್ಟದು. ಅವನ ಮನೆಯಿದ್ದ ಊರೇ ಕೈಬಿಟ್ಟು ಹೋಗಿದೆ. ಕೊನೆಗೆ ‘ಜೆರುಸಲೇಮಿನ ಟೆಂಪ್ಲರ್ ಮನೆಯ ಮೇಲ್ವಿಚಾರಕನಾಗಿದ್ದ ಸೋದರ ಟೆರಿಕಸ್’ ಎಂದು ಬರೆದು, ‘ಆಗಿದ್ದ’ ಎಂಬುದಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದೇನೆ.