ಗಿನಿ ಪಿಗ್‌ಗೆ ಪೆಲೆಟ್ ಆರಿಸುವ ಮುಂಚೆ ಚೀಲದ ಹಿಂಬದಿ ಓದಿ

ಪೆಲೆಟ್, ಅಂದರೆ ಹುಲ್ಲಿನ ಪುಡಿ ಒತ್ತಿ ಮಾಡಿದ ಗುಳಿಗೆಯಂಥ ಆಹಾರ. ಅದರ ಚೀಲ ಕೈಗೆ ಬಂದ ಕೂಡಲೇ ನಾನು ನೋಡುವುದು ಹಿಂಬದಿ. ತಯಾರಾದ ತಿಂಗಳು, ಕಿಲೋಗೆ ಎಷ್ಟು ಮಿಲಿಗ್ರಾಂ ವಿಟಮಿನ್ ಸಿ, ಸಾಮಗ್ರಿಗಳಲ್ಲಿ ಮೊದಲ ಹೆಸರು ಯಾವುದು. ಇವು ಇಲ್ಲದ ಚೀಲ ಬೇಡ. ತುಮಕೂರಿನ ಕೆಲವು ಅಂಗಡಿಗಳಲ್ಲಿ ದೊಡ್ಡ ಮೂಟೆ ಬಿಚ್ಚಿ ಅರ್ಧರ್ಧ ಕಿಲೋ ಕವರ್ ಕಟ್ಟಿ ಮಾರುತ್ತಾರೆ. ಬೆಲೆ ಕಮ್ಮಿ ನಿಜ, ಆದರೆ ತಾರೀಖು ತಿಳಿಯುವುದಿಲ್ಲ. ಅದನ್ನು ನಾನು ಕೊಳ್ಳುವುದೇ ಇಲ್ಲ.

ತಾರೀಖಿಗೆ ಇಷ್ಟು ಹಟ ಏಕೆಂದರೆ, ಗಿನಿ ಪಿಗ್‌ನ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಒಂದು ಕಿಲೋ ತೂಗುವ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದಲೇ ಸಿಗಬೇಕು. ಗಬ್ಬದ ಹೆಣ್ಣಿಗೆ 30ರ ಹತ್ತಿರ ಬೇಕು. ಈಗ ಲೆಕ್ಕ ಹಾಕಿ. ಚೀಲದ ಮೇಲೆ ಕಿಲೋಗೆ 500 ಮಿಲಿಗ್ರಾಂ ಎಂದಿದ್ದರೆ 20 ಗ್ರಾಂ ಪೆಲೆಟ್‌ನಲ್ಲಿ ಬರುವುದು 10 ಮಿಲಿಗ್ರಾಂ. ಅದೂ ಹೊಸದಿದ್ದಾಗ. ಸಾಧಾರಣ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿಯ ರಾಸಾಯನಿಕ ಹೆಸರು) ಬೆರೆಸಿದ್ದರೆ ಮೂರು ತಿಂಗಳಲ್ಲಿ ಸುಮಾರು ಅರ್ಧ ಹೋಗಿರುತ್ತದೆ, ಬೇಸಿಗೆಯಲ್ಲಿ ಶೀಟಿನ ಕೆಳಗಿಟ್ಟ ಮೂಟೆಯಲ್ಲಿ ಇನ್ನೂ ಬೇಗ. ಸ್ಟೆಬಿಲೈಸ್ಡ್ ಎಂದೋ ಆಸ್ಕಾರ್ಬಿಲ್ ಫಾಸ್ಫೇಟ್ ಎಂದೋ ಬರೆದಿದ್ದರೆ ಅದು ಬೇಗ ಕೆಡದ ರೂಪದ ವಿಟಮಿನ್ ಸಿ, ಹೆಚ್ಚು ಕಾಲ ತಡೆಯುತ್ತದೆ. ಹಾಗಿದ್ದರೂ ಪೆಲೆಟ್ ಒಂದನ್ನೇ ನಂಬಬೇಡಿ. ದಿನಾ 20 ಗ್ರಾಂ ಹಸಿರು ಕ್ಯಾಪ್ಸಿಕಂ ಕೊಟ್ಟರೆ ಸುಮಾರು 16 ಮಿಲಿಗ್ರಾಂ ಸೇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವುದರಿಂದ ನಮಗೆ ಸಿಗುವುದು ಕಷ್ಟವಿಲ್ಲ. ನೀರಿಗೆ ಹಾಕುವ ವಿಟಮಿನ್ ಹನಿ ಮಾತ್ರ ದಂಡ: ಬೇಗ ಕೆಡುತ್ತದೆ, ರುಚಿ ಬದಲಾದರೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತವೆ.

ದೊಡ್ಡವಕ್ಕೆ ಮೊದಲ ಸಾಮಗ್ರಿ ತಿಮೋಥಿ ಎಂಬ ಮೇವಿನ ಹುಲ್ಲಾಗಿರಲಿ. ನಾರು ಶೇ. 20ಕ್ಕಿಂತ ಹೆಚ್ಚು, ಪ್ರೋಟೀನ್ 14ರಿಂದ 16, ಕೊಬ್ಬು 3ರ ಒಳಗೆ, ಕ್ಯಾಲ್ಸಿಯಂ 0.4ರಿಂದ 0.6. ಲೂಸರ್ನ್, ಅಂದರೆ ಕುದುರೆ ಮಸಾಲೆಯಿಂದ ಮಾಡಿದ ಪೆಲೆಟ್ ಆರು ತಿಂಗಳೊಳಗಿನ ಮರಿಗೆ, ಗಬ್ಬದವಕ್ಕೆ, ಹಾಲೂಡಿಸುವವಕ್ಕೆ ಒಳ್ಳೆಯದು. ಬೆಳೆದವಕ್ಕೆ ಅದರ ಕ್ಯಾಲ್ಸಿಯಂ ಹೆಚ್ಚಾಗಿ, ಉಳಿದದ್ದು ಮೂತ್ರದಲ್ಲಿ ಹೋಗುವಾಗ ಬಿಳಿ ಮರಳಾಗುತ್ತದೆ, ಕೆಲವಕ್ಕೆ ಕಲ್ಲೂ ಕಟ್ಟುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದರ ಕ್ಯಾಲ್ಸಿಯಂ ಬೇರೆ ಸೇರುತ್ತದೆ. ಹಾಗಾಗಿ ನಾನು ಕ್ಯಾನ್ ನೀರು, ಅಂದರೆ ಶುದ್ಧ ನೀರಿನ ಘಟಕದ ನೀರನ್ನೇ ಇಡುತ್ತೇನೆ.

ಸೂರ್ಯಕಾಂತಿ, ಜೋಳದ ಚೂರು, ಬಣ್ಣಬಣ್ಣದ ತುಣುಕು ಬೆರೆಸಿದ ಮಿಕ್ಸ್ ನೋಡಲು ಚಂದ. ಪ್ರಾಣಿ ಸಿಹಿ, ಎಣ್ಣೆಯ ತುಣುಕುಗಳನ್ನೇ ಹೆಕ್ಕಿ ತಿಂದು ಪೆಲೆಟ್ ಬಿಡುತ್ತದೆ. ಕೊಬ್ಬು ಏರುತ್ತದೆ, ವಿಟಮಿನ್ ಬಟ್ಟಲಲ್ಲೇ ಉಳಿಯುತ್ತದೆ. ಒಂದೇ ಬಣ್ಣದ, ಒಂದೇ ಆಕಾರದ ಪೆಲೆಟ್ ಆರಿಸಿ.

ಬದಲಿ ಆಹಾರದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೊಲದ ದೇಹ ವಿಟಮಿನ್ ಸಿ ತಾನೇ ಮಾಡಿಕೊಳ್ಳುತ್ತದೆ, ಆದ್ದರಿಂದ ಮೊಲದ ಪೆಲೆಟ್‌ಗೆ ಅದನ್ನು ಬೆರೆಸುವುದಿಲ್ಲ. ಕೋಳಿ ಫೀಡ್‌ನಲ್ಲಿ ಔಷಧ ಬೆರೆತಿರಬಹುದು. ಕಡಲೆಕಾಯಿ ಹಿಂಡಿಗೆ ಬೂಸ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ವಿಷ, ಅದಕ್ಕೆ ಗಿನಿ ಪಿಗ್ ಬಲು ಸೂಕ್ಷ್ಮ. ಹಿಂಡಿ-ಬೂಸಾ ಅಂಗಡಿಯಿಂದ ಇವಕ್ಕೆ ಏನನ್ನೂ ತರಬೇಡಿ.

ಒಂದಕ್ಕೆ ದಿನಕ್ಕೆ 20 ಗ್ರಾಂ ಸಾಕು. ಕಿಚನ್ ತಕ್ಕಡಿಯಲ್ಲಿ ತೂಗಿ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕುತ್ತೇನೆ. ಹೊಟ್ಟೆ ತುಂಬಬೇಕಾದದ್ದು ಒಣಹುಲ್ಲಿನಿಂದ. ಜೀವಮಾನವಿಡೀ ಬೆಳೆಯುವ ಹಲ್ಲು ಸವೆಯುವುದೂ ಅದರಿಂದಲೇ, ಪೆಲೆಟ್‌ನಿಂದ ಅಲ್ಲ. ಆದರೆ ರಾಗಿ ಹುಲ್ಲನ್ನೇ ನಂಬಬೇಡಿ, ಅದು ಕಾಳು ಮಾಗಿದ ಮೇಲೆ ಕೊಯ್ದದ್ದು, ಸಾರ ಕಡಿಮೆ. ಎರಡು ಪ್ರಾಣಿಗೆ ಒಂದು ಕಿಲೋ ಪೆಲೆಟ್ 25 ದಿನ ಬರುತ್ತದೆ, ಅದಕ್ಕಿಂತ ದೊಡ್ಡ ಚೀಲ ತರಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಒಲೆಯಿಂದ ದೂರವಿಡಿ.

ಕಂಪನಿ ಬದಲಿಸುವಾಗ ಮುಕ್ಕಾಲು ಹಳೆಯದು, ಕಾಲು ಹೊಸದು ಎಂದು ಶುರುಮಾಡಿ 7-10 ದಿನದಲ್ಲಿ ಪೂರ್ತಿ ಮಾಡುತ್ತೇನೆ. ಹೊಸ ವಾಸನೆಗೆ ಮುಖ ತಿರುಗಿಸುವುದು ಇವುಗಳ ಸ್ವಭಾವ. ಹಸಿದರೆ ತಿನ್ನುತ್ತದೆ ಎಂದು ಕಾಯಬಾರದು, ಕರುಳು ನಿಂತುಹೋಗುತ್ತದೆ. ಹನ್ನೆರಡು ಗಂಟೆ ಏನೂ ಮುಟ್ಟದಿದ್ದರೆ, ಹಿಕ್ಕೆ ಸಣ್ಣದಾದರೆ ಅಂದೇ ಪಶುವೈದ್ಯರಿಗೆ ತೋರಿಸಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ಪ್ರಾಣಿಯನ್ನೂ ತೂಗಿ: 50 ಗ್ರಾಂ ಇಳಿದಿದ್ದರೆ ಹಲ್ಲು, ಹಿಕ್ಕೆ, ಹುಲ್ಲು ತಿನ್ನುವ ರೀತಿ ಗಮನಿಸಿ, ನಡೆಯಲು ಹಿಂಜರಿದರೆ, ಕೀಲು ಊದಿದ್ದರೆ ವಿಟಮಿನ್ ಸಿ ಕೊರತೆಯ ಅನುಮಾನ ಮೊದಲು ಬರಲಿ.